ಹುಲ್ಲುಹಾಸಿನಲ್ಲಿ ಎದ್ದ ಹಲಸಿನ ಬೇರು

ಪ್ರಶ್ನೆ: ಮನೆ ಮುಂದಿನ ಲಾನ್‌ನಲ್ಲಿ 30 ವರ್ಷದ ಹಲಸಿನ ಮರವಿದೆ. ಬೇರುಗಳು ಮೇಲೆದ್ದು ಕಾಲಿಗೆ ಎಡವುತ್ತವೆ, ಹುಲ್ಲು ಕತ್ತರಿಸುವ ಯಂತ್ರಕ್ಕೂ ತಾಗುತ್ತವೆ. ಅವನ್ನು ಕಡಿಸಿ, ಒಂದಡಿ ಮಣ್ಣು ಏರಿಸಿ ಹೊಸ ಹುಲ್ಲು ಹಾಕಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಕಾಂಡದಂತೆ ಬೇರೂ ವರ್ಷವರ್ಷ ದಪ್ಪವಾಗುತ್ತದೆ. ಜೊತೆಗೆ ನಿಮ್ಮ ಕಡೆಯ ಮಳೆ ಮೇಲ್ಮಣ್ಣು ತೊಳೆದೊಯ್ಯುತ್ತದೆ. ಬೇರು ಕಾಣುವುದು ಹೀಗೆ. ಬುಡದ ದಪ್ಪ ಬೇರುಗಳೇ ಮರವನ್ನು ಹಿಡಿದು ನಿಲ್ಲಿಸಿರುವುದು. ಅವನ್ನು ಕಡಿದರೆ, ನೆಲ ನೆನೆದು ಮೆತ್ತಗಾದ ಆಷಾಢದ ಗಾಳಿಗೆ ಮರ ಮಗುಚುವ ಭಯವಿದೆ.

ಇನ್ನು ಮಣ್ಣು. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತವೆ, ಅವಕ್ಕೆ ಗಾಳಿ ಬೇಕು. ಒಂದಡಿ ಹೇರಿದರೆ ಉಸಿರು ಕಟ್ಟುತ್ತದೆ. ಹಲಸಿಗಂತೂ ಬುಡದಲ್ಲಿ ಥಂಡಿ ನಿಂತರೆ ಆಗದು. ಕೇಡು ಆ ವರ್ಷವೇ ಕಾಣುವುದಿಲ್ಲ. ಎರಡು ಮೂರು ವರ್ಷ ಕಳೆದು ತುದಿಕೊಂಬೆ ಒಣಗತೊಡಗಿದಾಗ ಮಣ್ಣು ತೆಗೆದರೂ ತಡವಾಗಿರುತ್ತದೆ.

ಬೇರು ಎದ್ದಿರುವಷ್ಟು ಜಾಗದಲ್ಲಿ ಹುಲ್ಲಿನ ಆಸೆ ಬಿಡಿ. ನೆರಳಿನಲ್ಲಿ ಅದು ಹೇಗೂ ಸೊರಗುತ್ತದೆ. ಬುಡದ ಸುತ್ತ 5–6 ಅಡಿ ಹುಲ್ಲನ್ನು ಕೈಯಿಂದಲೇ ಕೀಳಿ. ಗುದ್ದಲಿ, ಕಳೆನಾಶಕ ಬೇಡ. ಅಡಿಕೆ ತೋಟಕ್ಕೆ ಹಾಕುವಂತೆ ದರಗು (ಒಣ ಎಲೆ) ಹರಡಿ, ಆದರೆ 2–3 ಅಂಗುಲಕ್ಕಿಂತ ದಪ್ಪ ಬೇಡ. ಅಡಿಕೆ ಸಿಪ್ಪೆಯಾದರೆ ಅರೆಕೊಳೆತದ್ದು ಒಳ್ಳೆಯದು. ಕಾಂಡದಿಂದ ಅರ್ಧ ಅಡಿ ಖಾಲಿ ಇರಲಿ. ಕಾಂಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ಕಣ್ಣಿಗೆ ಕಾಣುತ್ತಿರಬೇಕು. ಅಲ್ಲಿಗೇ ಒತ್ತಿ ಹಾಕಿದರೆ ತೊಗಟೆ ಕೊಳೆಯುತ್ತದೆ, ಒರಲೆಯೂ ಹತ್ತುತ್ತದೆ.

ಹೊದಿಕೆಗೆ ಮಳೆ ಬಿಟ್ಟ ನವೆಂಬರ್ ಸರಿಯಾದ ಕಾಲ, ಬೇಸಿಗೆಗೆ ತೇವ ಉಳಿಯುತ್ತದೆ. ಜೂನ್‌ನಲ್ಲಿ ಹಾಕಿದ್ದು ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ. ಇಳಿಜಾರಿದ್ದರೆ ಕೆಳಬದಿಗೆ, ನೆಲ ಅಗೆಯದೆ, ಜಂಬಿಟ್ಟಿಗೆ ಕಲ್ಲಿನ ಒಂದು ಸಾಲು ಇಡಿ. ಸೂರಿನ ನೀರು ಬುಡಕ್ಕೆ ಬೀಳುತ್ತಿದ್ದರೆ ಮೊದಲು ಅದನ್ನು ತಿರುಗಿಸಿ.

ಆಚೆಗೆ, ಬೇರು ಸ್ವಲ್ಪವೇ ಇಣುಕುವಲ್ಲಿ ಹುಲ್ಲು ಬೇಕೇ ಬೇಕೆಂದರೆ ಮಣ್ಣು, ಕಾಂಪೋಸ್ಟ್ ಬೆರೆಸಿ ವರ್ಷಕ್ಕೆ ಒಂದು ಅಂಗುಲ ಮಾತ್ರ ಹಾಕಿ, ಎರಡು ಅಂಗುಲಕ್ಕೆ ನಿಲ್ಲಿಸಿ.

ಯಂತ್ರ ತಾಗಿದ ಬೇರನ್ನೂ ಒಮ್ಮೆ ಬಗ್ಗಿ ನೋಡಿ: ಬಿಳಿ ಹಾಲು ಒಸರಿ ಕಪ್ಪಗೆ ಒಣಗಿರುತ್ತದೆ. ಸಡಿಲವಾದ ತೊಗಟೆಯನ್ನಷ್ಟೇ ಹರಿತ ಚಾಕುವಿನಿಂದ ಬಿಡಿಸಿ. ಡಾಂಬರು ಬಳಿಯಬೇಡಿ, ತೇವ ಒಳಗೇ ಉಳಿಯುತ್ತದೆ. ಗಾಯ ಒಣಗಿ, ಅಂಚಿನಿಂದ ಹೊಸ ತೊಗಟೆ ತಾನೇ ಬೆಳೆದು ಮುಚ್ಚುತ್ತಾ ಬರುತ್ತದೆ.