ಶುರುವಲ್ಲಿ ಎಲ್ಲ ಒಂದೇ ಸಮ ಇದ್ದರೆ ಗೆಲಾಕ್ಸಿಗಳು ಹೇಗೆ ಹುಟ್ಟಿದವು?

ಪ್ರಶ್ನೆ: ಶುರುವಲ್ಲಿ ವಿಶ್ವ ಎಲ್ಲ ಕಡೆ ಒಂದೇ ಸಮ ಇತ್ತು ಅಂತಾರೆ. ಹಾಗಿದ್ರೆ ಈಗ ಒಂದು ಕಡೆ ಗೆಲಾಕ್ಸಿಗಳ ಗುಂಪು, ಇನ್ನೊಂದು ಕಡೆ ಬರೀ ಖಾಲಿ ಯಾಕೆ? ಇನ್‌ಫ್ಲೇಶನ್‌ಗೂ ಇದಕ್ಕೂ ಏನು ಸಂಬಂಧ? ಅದು ಬೆಳಕಿನ ವೇಗವನ್ನೂ ಮೀರಿತ್ತಾ?
– ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಒಂದೇ ಸಮ ಇತ್ತು ಅನ್ನೋದು ಹೆಚ್ಚುಕಮ್ಮಿ ನಿಜ, ಪೂರ್ತಿ ನಿಜವಲ್ಲ. ಆ ಹೆಚ್ಚುಕಮ್ಮಿಯಿಂದಲೇ ನಾವೆಲ್ಲ ಹುಟ್ಟಿದ್ದು.

ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಅದಕ್ಕೆ 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು ಇವತ್ತಿಗೂ ಮೈಕ್ರೋವೇವ್ ಆಗಿ ನಮ್ಮನ್ನು ತಲುಪುತ್ತಿದೆ. ಯಾವ ದಿಕ್ಕಿಗೆ ನೋಡಿದರೂ ಅದರ ಉಷ್ಣತೆ ಸುಮಾರು 2.7 ಕೆಲ್ವಿನ್, ಅಂದ್ರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಸುಮಾರು 270 ಡಿಗ್ರಿ ಕೆಳಗೆ. ಇದು ದೊಡ್ಡ ಒಗಟು. ಆಕಾಶದ ಆ ತುದಿಯಿಂದ ಈ ತುದಿಗೆ ಬೆಳಕು ಬರಲಿಕ್ಕೂ ಅಷ್ಟರಲ್ಲಿ ಸಮಯ ಸಾಕಾಗುತ್ತಿರಲಿಲ್ಲ. ಮತ್ತೆ ಎರಡೂ ಕಡೆ ಒಂದೇ ಉಷ್ಣತೆ ಹೇಗೆ ಬಂತು? ನಿಮ್ಮೂರಿನ ಕಾಫಿ ತೋಟವೂ ಸೋಮವಾರಪೇಟೆಯ ತೋಟವೂ ಒಂದೇ ದಿನ ಬೆಳ್ಳಗೆ ಅರಳಿದರೆ, ಎರಡೂ ಕಡೆ ಹೂಮಳೆ ಒಟ್ಟಿಗೇ ಬಿದ್ದಿದೆ ಅಂತೀರಿ ಅಲ್ವಾ? ಇಲ್ಲೂ ಹಿಂದೆ ಒಂದೇ ಕಾರಣ ಇರಬೇಕು.

ಭೌತವಿಜ್ಞಾನಿ ಅಲನ್ ಗುತ್ 1981ರಲ್ಲಿ ಬರೆದದ್ದು ಅದನ್ನೇ. ಆ ಎರಡು ತುದಿಗಳು ಮೊದಲು ಅಕ್ಕಪಕ್ಕದಲ್ಲೇ ಇದ್ದವು. ಮೊದಲ ಸೆಕೆಂಡಿನ ಊಹಿಸಲಾಗದಷ್ಟು ಸಣ್ಣ ಪಾಲಿನಲ್ಲಿ ಆ ಜಾಗ ಭಯಂಕರವಾಗಿ ಹಿಗ್ಗಿತು. ಈ ಹಿಗ್ಗುವಿಕೆಯೇ ಇನ್‌ಫ್ಲೇಶನ್. 1ರ ಮುಂದೆ 26 ಸೊನ್ನೆ ಹಾಕಿದಷ್ಟು ಪಟ್ಟು ಅಂತ ಇಟ್ಟುಕೊಳ್ಳಿ. ಸ್ಟಾರೋಬಿನ್‌ಸ್ಕಿ, ಲಿಂಡೆ ಎಂಬ ವಿಜ್ಞಾನಿಗಳು ಕೂಡ ಇದೇ ದಾರಿಯಲ್ಲಿ ಯೋಚಿಸಿದವರು.

ಆದರೆ ನನಗೆ ಇದಕ್ಕಿಂತ ಅದ್ಭುತ ಅನ್ನಿಸುವುದು ಮುಂದಿನ ಭಾಗ. ಅಣುಗಿಂತಲೂ ಸಣ್ಣ ಲೋಕದ ಕ್ವಾಂಟಮ್ ನಿಯಮದ ಪ್ರಕಾರ ಖಾಲಿ ಜಾಗವೂ ಸುಮ್ನೆ ಇರುವುದಿಲ್ಲ, ಅಲ್ಲಿ ಸೂಕ್ಷ್ಮ ಏರಿಳಿತ ನಡೆದೇ ಇರುತ್ತದೆ. ಇನ್‌ಫ್ಲೇಶನ್ ಆ ಏರಿಳಿತಗಳನ್ನೂ ಎಳೆದು ಹಿಗ್ಗಿಸಿತು. ಹಾಗಾಗಿ ಕೆಲವು ಕಡೆ ದ್ರವ್ಯ ಚೂರು ಜಾಸ್ತಿ, ಕೆಲವು ಕಡೆ ಚೂರು ಕಮ್ಮಿ ಆಯಿತು. ಆ ಮೈಕ್ರೋವೇವ್ ಬೆಳಕಿನ ಉಷ್ಣತೆಯಲ್ಲಿ ಇದರ ಗುರುತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. 1992ರಲ್ಲಿ ಕೋಬ್ ಉಪಗ್ರಹದ ಅಳತೆಯಲ್ಲಿ ಅದು ಸಿಕ್ಕಿತು. ಆಮೇಲೆ ಪ್ಲಾಂಕ್ ಉಪಗ್ರಹ ಇನ್ನಷ್ಟು ನಿಖರವಾಗಿ ಅಳೆಯಿತು. ಏರಿಳಿತಗಳ ಲೆಕ್ಕ ಇನ್‌ಫ್ಲೇಶನ್ ಹೇಳಿದ ಹಾಗೇ ಬಂತು.

ಮುಂದಿನದು ಗುರುತ್ವದ ಕೆಲಸ. ಜಾಸ್ತಿ ಇದ್ದ ಕಡೆ ಸೆಳೆತ ಜಾಸ್ತಿ. ಕಣ್ಣಿಗೆ ಕಾಣದ, ಬೆಳಕಿನ ಒತ್ತಡ ತಾಗದ ದ್ರವ್ಯವಾದ ಡಾರ್ಕ್ ಮ್ಯಾಟರ್ ಮೊದಲು ಗುಡ್ಡೆಯಾಯಿತು, ಅನಿಲ ಅದರೊಳಗೆ ಬಂದು ಬಿದ್ದು ಗೆಲಾಕ್ಸಿ ಆಯಿತು. ಕಮ್ಮಿ ಇದ್ದ ಕಡೆಗಳೇ ಇವತ್ತಿನ ಖಾಲಿ ಜಾಗ.

ಇನ್ನು ಬೆಳಕಿನ ವೇಗ. ಹಿಗ್ಗಿದ್ದು ಜಾಗವೇ. ತನ್ನ ಪಕ್ಕದ ಬೆಳಕನ್ನು ಹಿಂದೆ ಹಾಕಿ ಏನೂ ಓಡಲಿಲ್ಲ. ಹಾಗಾಗಿ ಬೆಳಕನ್ನು ಮೀರಿ ಏನೂ ಓಡಲಾರದು ಅನ್ನೋ ಐನ್‌ಸ್ಟೈನ್ ನಿಯಮಕ್ಕೆ ಧಕ್ಕೆ ಇಲ್ಲ.

ಇನ್‌ಫ್ಲೇಶನ್ ಸಾಬೀತಾಗಿದೆ ಅಂತ ಮಾತ್ರ ಬರೆಯಬೇಡಿ. ಅದರ ಕಾಲದ ಗುರುತ್ವ ಅಲೆಗಳ (ಜಾಗವನ್ನೇ ಅಲುಗಿಸುವ ಅಲೆಗಳ) ಗುರುತು ಸಿಕ್ಕಿತು ಅಂತ 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಹೇಳಿತ್ತು. ಆ ಗುರುತು ನಮ್ಮ ಗೆಲಾಕ್ಸಿಯ ಧೂಳಿನಿಂದಲೂ ಬಂದಿರಬಹುದು ಅಂತ ಮರುವರ್ಷ ಗೊತ್ತಾಗಿ ಆ ಮಾತು ನಿಲ್ಲಲಿಲ್ಲ. ಆ ಅಲೆಗಳ ಹುಡುಕಾಟ ಈಗಲೂ ನಡೆದಿದೆ.