ಪಾಠ ಮಾಡುತ್ತಲೇ ಕಡಲಿನ ಸಂಶೋಧನೆ ಸಾಧ್ಯವೇ?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನವಳು. ಸಾಗರ ಜೀವವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಕಡಲ ಜೀವಪರಿಸರದ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ಮನೆಯವರಿಗೆ ನಾನು ಅಧ್ಯಾಪಕಿಯಾದರೆ ಸಾಕು. ಆದರೆ ಪಾಠಕ್ಕೆ ನಿಂತರೆ ಸಂಶೋಧನೆ ಅಲ್ಲಿಗೇ ಮುಗಿಯಿತು ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ನಡೆಸಬಹುದೇ?
— ಓದುಗರೊಬ್ಬರು, ಉತ್ತರ ಕನ್ನಡ

ಉತ್ತರ: ಖಂಡಿತ ನಡೆಸಬಹುದು. ನಿಮ್ಮ ವಿಷಯದ ಅತಿ ಪ್ರಸಿದ್ಧ ಪ್ರಯೋಗವೊಂದು ಹುಟ್ಟಿದ್ದೇ ಪಾಠದ ನಡುವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರಾಬರ್ಟ್ ಪೇನ್ 1963ರಲ್ಲಿ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕರೆದೊಯ್ದಾಗ ಮಕಾ ಕೊಲ್ಲಿಯ ಬಂಡೆತೀರ ಅವರ ಕಣ್ಣಿಗೆ ಬಿತ್ತು. ಅಲ್ಲಿನ ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಕಿತ್ತು ಕಡಲಿಗೆಸೆದು, ಪಕ್ಕದ ಭಾಗವನ್ನು ಹಾಗೆಯೇ ಬಿಟ್ಟು, ಮತ್ತೆ ಮತ್ತೆ ಅಲ್ಲಿಗೇ ಹೋಗಿ ಜೀವಿಗಳನ್ನು ಎಣಿಸಿದರು. ತಮ್ಮನ್ನು ತಿನ್ನುವ ನಕ್ಷತ್ರಮೀನಿಲ್ಲದ ಕಡೆ ನೀಲಿಕಲ್ಲಿನ (ಮಸೆಲ್) ಬಳಗದ ಚಿಪ್ಪುಜೀವಿಗಳು ಜಾಗವನ್ನು ಆಕ್ರಮಿಸುತ್ತ ಹೋಗಿ, 15 ಜಾತಿಗಳಿದ್ದಲ್ಲಿ 8 ಉಳಿದವು. ಇಂದು ಎಲ್ಲ ಪಠ್ಯಗಳಲ್ಲೂ ಬರುವ ‘ಕೀಸ್ಟೋನ್ ಪ್ರಭೇದ’ದ, ಅಂದರೆ ತಾನು ಇಲ್ಲವಾದರೆ ಸುತ್ತಲ ಜೀವಪರಿಸರವೇ ಬದಲಾಗಿಬಿಡುವಂಥ ಜಾತಿಯ, ಕಲ್ಪನೆಗೆ ಆಧಾರ ಈ ಕೆಲಸವೇ. ಇದಕ್ಕೆ ಬೇಕಾದದ್ದು ಹಡಗಲ್ಲ, ಒಂದೇ ತೀರಕ್ಕೆ ತಪ್ಪದೆ ಮರಳುವ ನಿಷ್ಠೆ.

ಆ ನಿಷ್ಠೆಗೆ ಅಧ್ಯಾಪನದ ಬದುಕು ಹೆಚ್ಚು ಅನುಕೂಲ ಎಂದೇ ನಾನು ನಂಬಿದ್ದೇನೆ. ಯೋಜನೆಗಳ ಹಣದಲ್ಲಿ ನಡೆಯುವ ಸಂಶೋಧನೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಹೊಳೆ ಕಡಲು ಸೇರುವ ನಮ್ಮ ಅಳಿವೆಗಳನ್ನು ಅರಿಯಲು ಮೂರು ವರ್ಷ ಸಾಲದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಮಳೆಗಾಲದಲ್ಲಿ ಹೊಳೆಯ ನೆರೆ ಬಂದು ನೀರಿನ ಉಪ್ಪು ತೀರಾ ಇಳಿದಾಗ ಕೆಸರಿನೊಳಗಿನ ಎಷ್ಟೋ ಹುಳುಗಳು, ಎಳೆಯ ಚಿಪ್ಪುಜೀವಿಗಳು ಸಾಯುತ್ತವೆ. ಮಳೆ ನಿಂತ ಮೇಲೆ ಹೊಸ ಮರಿಗಳು ಬಂದು ನೆಲೆಸುತ್ತವೆ. ಈ ವರ್ಷ ಬಳಚು ಎಂಬ ಚಿಪ್ಪುಜೀವಿ ಕಡಿಮೆಯಾದರೆ ಅದು ಮಳೆಯ ಏರಿಳಿತದ ಫಲವೋ, ಮಿತಿಮೀರಿ ತೆಗೆದದ್ದರ ಫಲವೋ, ಮರಳುಗಾರಿಕೆಯ ಫಲವೋ ಎಂದು ಹೇಳಲು ಹತ್ತಾರು ವರ್ಷಗಳ ಲೆಕ್ಕ ಕೈಯಲ್ಲಿರಬೇಕು. ಪ್ರತಿ ವರ್ಷ ಹೊಸ ತಂಡದ ವಿದ್ಯಾರ್ಥಿಗಳೊಡನೆ ಅದೇ ಜಾಗಕ್ಕೆ ಹೋಗುವ ಅಧ್ಯಾಪಕಿಗೆ ಆ ಲೆಕ್ಕ ಕೂಡಿಬರುತ್ತದೆ.

ಕೆಲಸದ ಸ್ವರೂಪವನ್ನೂ ತಿಳಿದಿರಿ. ಇಳಿತದ ಹೊತ್ತಿನಲ್ಲಿ ಚೌಕಟ್ಟು ಇಟ್ಟು ಕೆಸರು ಅಗೆದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಫಾರ್ಮಲಿನ್‌ಗೆ ಹಾಕಿ ರೋಸ್ ಬೆಂಗಾಲ್ ಬಣ್ಣ ಬೆರೆಸುವುದಕ್ಕೆ ಒಂದು ಬೆಳಗು ಸಾಕು. ಆಮೇಲೆ, ಗುಲಾಬಿ ಬಣ್ಣಕ್ಕೆ ತಿರುಗಿದ ಕೂದಲೆಳೆಯಂಥ ಹುಳುಗಳನ್ನು ಮರಳಿನ ಕಣಗಳ ನಡುವಿನಿಂದ ಒಂದೊಂದಾಗಿ ಹೆಕ್ಕಿ, ಅವುಗಳ ಬಿರುಗೂದಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಗುರುತಿಸುವುದಕ್ಕೆ ವಾರಗಳೇ ಬೇಕು. ಈ ತಾಳ್ಮೆ ನಿಮಗೆ ಹಿತವೆನಿಸಿದರೆ ಮಾತ್ರ ಮುಂದುವರಿಯಿರಿ. ಜೊತೆಗೆ ಸಂಖ್ಯಾಶಾಸ್ತ್ರವನ್ನು (ಸ್ಟ್ಯಾಟಿಸ್ಟಿಕ್ಸ್) ಈಗಲೇ ಗಟ್ಟಿ ಮಾಡಿಕೊಳ್ಳಿ. ಒಂದೇ ದಂಡೆಯಲ್ಲಿ ಅಗೆದ ಹತ್ತು ಮಾದರಿಗಳು ಹತ್ತು ದಂಡೆಗಳ ಬಗ್ಗೆ ಏನನ್ನೂ ಹೇಳವು. ಹೇಳುತ್ತವೆ ಎಂದುಕೊಳ್ಳುವ ತಪ್ಪಿನಿಂದ ಶ್ರಮಪಟ್ಟು ಬರೆದ ಪ್ರಬಂಧಗಳೂ ವ್ಯರ್ಥವಾಗುತ್ತವೆ.

ಸಿಎಸ್‌ಐಆರ್–ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಪಡೆಯುವುದನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಿ. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಹಂತದಲ್ಲಿ 42,000. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ನೆಟ್‌ನಿಂದಲೋ ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆಯಿಂದಲೋ ಸಿಗುತ್ತದೆ, ಆದರೂ ಪಿಎಚ್.ಡಿ. ಬಿಡಬೇಡಿ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗ, ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಕೊಚ್ಚಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಿಮಗೆ ಹತ್ತಿರದ ಬಾಗಿಲುಗಳು. ಕಾಯಂ ಹುದ್ದೆಗಳು ಕಡಿಮೆ, ಅತಿಥಿ ಉಪನ್ಯಾಸಕರಾಗಿ ಕೆಲವು ವರ್ಷ ಕಳೆಯಬೇಕಾಗಬಹುದು ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿ.

ಸಂಸಾರ ಮತ್ತು ಸಂಶೋಧನೆಯ ಚಿಂತೆಯೂ ನಿಮ್ಮ ಮನೆಯಲ್ಲಿರಬಹುದು. ಪೇನ್ ಅವರ ಬಳಿ ಓದಿದ ಜೇನ್ ಲುಬ್ಚೆಂಕೊ 1970ರ ದಶಕದಲ್ಲಿ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಒಂದೇ ಹುದ್ದೆಯನ್ನು ಪತಿಯೊಡನೆ ಅರ್ಧರ್ಧವಾಗಿ ಹಂಚಿಕೊಂಡು ಪಾಠ, ಸಂಶೋಧನೆ, ಮಕ್ಕಳ ಪಾಲನೆ ಮೂರನ್ನೂ ನಡೆಸಿದರು. 2009ರಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತದ ಮುಖ್ಯಸ್ಥೆಯಾದರು. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಂಥ ಏರ್ಪಾಡು ಬರಲೇಬೇಕು.

ಮಾರ್ಗದರ್ಶಕರನ್ನು ಒಪ್ಪಿಕೊಳ್ಳುವ ಮುನ್ನ ಅವರ ಹಿಂದಿನ ವಿದ್ಯಾರ್ಥಿಗಳೊಡನೆ ಮಾತನಾಡಿ, ಪದವಿ ಮುಗಿಸಲು ಅವರಿಗೆ ಎಷ್ಟು ಕಾಲ ಹಿಡಿಯಿತು, ಹಳೆಯ ಮಾದರಿಗಳೂ ದಾಖಲೆಪುಸ್ತಕಗಳೂ ವಿಭಾಗದಲ್ಲಿ ಉಳಿದಿವೆಯೇ ಎಂದು ವಿಚಾರಿಸಿ. ಉಳಿದಿದ್ದರೆ, ಅದೇ ಜಾಗಗಳಿಂದ ನಿಮ್ಮ ಕೆಲಸ ಆರಂಭಿಸಿ.