ಸ್ವತಂತ್ರ ಆ್ಯನಿಮೇಷನ್ ಸ್ಟುಡಿಯೊ ಬೆಳೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಂಡನ್ನಿನ ಬ್ಲೂ ಝೂ ಸ್ಟುಡಿಯೊವನ್ನು ಕಾಲೇಜಿನ ಗೆಳೆಯರೇ ಸೇರಿ ಕಟ್ಟಿದರೆಂದು ಓದಿದೆ. ನಾವೂ ಗೆಳೆಯರು ಆ್ಯನಿಮೇಷನ್ ಕೋರ್ಸ್ ಮುಗಿಸಿದ್ದೇವೆ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು, ಎಷ್ಟು ಬಂಡವಾಳ ಬೇಕು, ಆ ಮಟ್ಟಕ್ಕೆ ಏರಲು ಎಷ್ಟು ವರ್ಷ ಹಿಡಿಯುತ್ತದೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತಲೇ ಇದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಸಾಫ್ಟ್‌ವೇರಿನ ಮಾತನ್ನು ಮೊದಲೇ ಬದಿಗಿಡೋಣ. ಮಾಯಾ ಬಾಡಿಗೆಗೆ ಸಿಗುತ್ತದೆ, ಬ್ಲೆಂಡರ್ ಪುಕ್ಕಟೆಯಾಗಿ ಸಿಗುತ್ತದೆ. ಇವೆರಡನ್ನೂ ಚೆನ್ನಾಗಿ ಬಲ್ಲವರಲ್ಲಿ ಸ್ಟುಡಿಯೊ ಕಟ್ಟಿ ಉಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ರಿಗ್ಗಿಂಗ್ ಎಂದರೆ ಪಾತ್ರಕ್ಕೆ ಚಲಿಸುವ ಎಲುಬುಗೂಡು ಜೋಡಿಸುವುದು, ರೆಂಡರಿಂಗ್ ಎಂದರೆ ಗಣಕವು ಅಂತಿಮ ಚಿತ್ರವನ್ನು ರಚಿಸುವುದು. ಕೋರ್ಸ್ ಮುಗಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಬ್ಲೂ ಝೂ ಶುರುವಾದದ್ದು 2000ದಲ್ಲಿ. ಟಾಮ್ ಬಾಕ್ಸ್, ಆಲಿ ಹಯಟ್, ಆಡಮ್ ಶಾ ಮೊದಲಾದ ಅದರ ಸ್ಥಾಪಕರು ಬೋರ್ನ್‌ಮತ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿನ ರಾಷ್ಟ್ರೀಯ ಕಂಪ್ಯೂಟರ್ ಆ್ಯನಿಮೇಷನ್ ಕೇಂದ್ರ 1989ರಿಂದ ನಡೆಯುತ್ತಿದೆ. ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಮಕ್ಕಳ ಸರಣಿಗಳಲ್ಲಿ ಒಂದಾದ ‘ಆಲ್ಫಾಬ್ಲಾಕ್ಸ್’ ಬಿಬಿಸಿಯ ಸಿಬೀಬೀಸ್ ವಾಹಿನಿಯಲ್ಲಿ ಬಂದದ್ದು 2010ರಲ್ಲಿ. ‘ನಂಬರ್‌ಬ್ಲಾಕ್ಸ್’ ಬಂದದ್ದು 2017ರ ಜನವರಿಯಲ್ಲಿ. ನೀವು ಕೇಳಿದ ವರ್ಷಗಳ ಲೆಕ್ಕ ಇಲ್ಲಿಯೇ ಇದೆ. ಹತ್ತು ವರ್ಷ ಸಂಬಳ ಕೊಟ್ಟುಕೊಂಡು ಬಾಗಿಲು ತೆರೆದಿಟ್ಟವರಿಗೆ ಆ ಅವಕಾಶ ಒದಗಿತು. ಒಂದೇ ಒಂದು ಹಿಟ್ ಸರಣಿಯಿಂದ ಸ್ಟುಡಿಯೊ ಎದ್ದು ನಿಲ್ಲುತ್ತದೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಪ್ರತಿಭೆಯ ಕಥೆ ಹೇಳುವವರು ಕಾನೂನಿನ ಕಥೆಯನ್ನು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 1990ರ ಪ್ರಸಾರ ಕಾಯ್ದೆಯು ವಾಹಿನಿಗಳು ತಮ್ಮ ಕಾರ್ಯಕ್ರಮಗಳಲ್ಲಿ ಶೇ 25ರಷ್ಟನ್ನು ಸ್ವತಂತ್ರ ನಿರ್ಮಾಪಕರಿಂದಲೇ ಮಾಡಿಸಬೇಕೆಂದು ವಿಧಿಸಿತು. ಯಾವುದೇ ಒಂದು ಬ್ರಿಟಿಷ್ ವಾಹಿನಿ ನಿಮ್ಮ ಕಂಪನಿಯಲ್ಲಿ ಶೇ 25ಕ್ಕಿಂತ ಹೆಚ್ಚು ಪಾಲು ಹೊಂದಿದ್ದರೆ ಆ ಲೆಕ್ಕದಲ್ಲಿ ನೀವು ಸ್ವತಂತ್ರರಲ್ಲ. 2003ರ ಸಂವಹನ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ನಂತರ ಜಾರಿಗೆ ಬಂದ ಒಪ್ಪಂದದ ನಿಯಮಗಳಿಂದಾಗಿ, ಬಿಬಿಸಿಯಂಥ ಸಾರ್ವಜನಿಕ ವಾಹಿನಿ ಹಣ ಕೊಟ್ಟು ಮಾಡಿಸಿದ ಕಾರ್ಯಕ್ರಮದ ಉಳಿದ ಹಕ್ಕುಗಳನ್ನು, ಅಂದರೆ ಹೊರದೇಶದ ಮಾರಾಟ, ಪುಸ್ತಕ, ಆಟಿಕೆಗಳ ಹಕ್ಕುಗಳನ್ನು, ನಿರ್ಮಾಪಕರೇ ಉಳಿಸಿಕೊಳ್ಳುವುದು ಸಾಧ್ಯವಾಯಿತು. ಮಕ್ಕಳ ಕಾರ್ಯಕ್ರಮಗಳಲ್ಲಿ ಪ್ರಸಾರದ ಹಣ ಕೆಲಸದ ಖರ್ಚಿಗೇ ಸಾಲದೆ ಹೋಗುವುದುಂಟು. ಕಂಪನಿ ಬೆಳೆಯುವುದು ಈ ಉಳಿದ ಹಕ್ಕುಗಳಿಂದ. ಹಕ್ಕು ಯಾರದು ಎಂದು ಕೇಳದೆ ಸಹಿ ಹಾಕಿದ ಒಪ್ಪಂದಗಳನ್ನು ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ‘ನಂಬರ್‌ಬ್ಲಾಕ್ಸ್’ ಪಾತ್ರಗಳು ಯಾವ ಸಂಖ್ಯೆಯೋ ಅಷ್ಟೇ ಘನಾಕೃತಿಗಳಿಂದ ಆದವು. ಒಂದು ಎಂಬ ಪಾತ್ರ ಕೆಂಪು ಬಣ್ಣದ ಒಂಟಿ ಘನ. ಅದು ಎರಡರ ತಲೆಯ ಮೇಲೆ ಹಾರಿ ಕುಳಿತರೆ ಇಬ್ಬರೂ ಕೂಡಿ ಹಳದಿ ಬಣ್ಣದ ಮೂರಾಗುತ್ತಾರೆ. ನಾಲ್ಕಕ್ಕೆ ಚೌಕವೆಂದರೆ ಪ್ರಾಣ, ಏಕೆಂದರೆ ತನ್ನನ್ನೇ ಎರಡೆರಡಾಗಿ ಜೋಡಿಸಿಕೊಂಡರೆ ಅದು ಚೌಕವಾಗುತ್ತದೆ. ಕೂಡುವುದು, ಕಳೆಯುವುದು, ವರ್ಗಸಂಖ್ಯೆ ಎಲ್ಲವೂ ಪಾತ್ರದ ಮೈಯಲ್ಲೇ ಕಾಣುತ್ತವೆ. ಇಂಗ್ಲೆಂಡಿನ ಗಣಿತ ಬೋಧನಾ ಕೇಂದ್ರವು ಈ ಸರಣಿಯನ್ನು ತರಗತಿಯಲ್ಲಿ ಬಳಸಲು ಶಿಕ್ಷಕರಿಗಾಗಿ ಕೈಪಿಡಿಗಳನ್ನು ಹೊರತಂದದ್ದು ಇದೇ ಕಾರಣಕ್ಕೆ. ಈಗ ನಿರ್ಮಾಪಕನ ಕಣ್ಣಿನಿಂದ ನೋಡಿ: ಇಲ್ಲಿ ಕೂದಲಿಲ್ಲ, ಗಾಳಿಗೆ ಹಾರುವ ಬಟ್ಟೆಯಿಲ್ಲ, ಜನಜಂಗುಳಿಯಿಲ್ಲ. ಘನವೊಂದನ್ನು ಒಮ್ಮೆ ಸರಿಯಾಗಿ ರೂಪಿಸಿದರೆ ಅದೇ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಉಳಿದ ಹಣ ಬರವಣಿಗೆಗೆ, ಧ್ವನಿಗೆ, ಅಭಿನಯಕ್ಕೆ ಸಲ್ಲುತ್ತದೆ. ಬ್ರಿಟನ್ನಿನ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮು (ಬಿಡಿ ಚಿತ್ರ), ಅಂದರೆ 5 ನಿಮಿಷದ ಕಂತಿಗೆ 7,500 ಫ್ರೇಮು. ಒಂದೊಂದು ಫ್ರೇಮ್ ರೆಂಡರ್ ಆಗಲು 10 ನಿಮಿಷ ಹಿಡಿಯುತ್ತದೆಂದು ಇಟ್ಟುಕೊಂಡರೂ ಒಂದೇ ಗಣಕದಲ್ಲಿ ಅದು ಹಗಲಿರುಳು 52 ದಿನಗಳ ಕೆಲಸ. ಪಾತ್ರವನ್ನು ಸರಳವಾಗಿ ಕಲ್ಪಿಸುವ ಜಾಣತನ ಈ ದಿನಗಳನ್ನು ಉಳಿಸುತ್ತದೆ. ದುಬಾರಿ ಗಣಕದಿಂದ ಉಳಿಯುವುದು ಅದರ ನಂತರದ ಮಾತು.

ಆದರೆ ಸ್ವಂತ ಕಲ್ಪನೆಯಿಂದ ಮಾತ್ರ ಹೊಟ್ಟೆ ತುಂಬುವುದಿಲ್ಲ. ಇದೇ ಬ್ಲೂ ಝೂ ‘ದಿ ಅಡ್ವೆಂಚರ್ಸ್ ಆಫ್ ಪ್ಯಾಡಿಂಗ್ಟನ್’ ಸರಣಿಯನ್ನೂ ಆ್ಯನಿಮೇಟ್ ಮಾಡಿತು. ಆದರೆ ಪ್ಯಾಡಿಂಗ್ಟನ್ ಎಂಬ ಆ ಕರಡಿ ಪಾತ್ರ ಸ್ಟುಡಿಯೊಕನಾಲ್ ಕಂಪನಿಯ ಸ್ವತ್ತು. ಇಂಥ ಕೆಲಸದಿಂದ ಸಂಬಳದ ಹಣ ಹುಟ್ಟುತ್ತದೆ, ಹೆಸರು ಬರುತ್ತದೆ, ಸ್ವತ್ತು ಬರುವುದಿಲ್ಲ. ಎರಡನ್ನೂ ಜೊತೆಜೊತೆಗೆ ನಡೆಸುವುದೇ ಸ್ವತಂತ್ರ ಸ್ಟುಡಿಯೊ ಬೆಳೆಯುವ ದಾರಿ. ಬಿಡುವಿನ ಹೊತ್ತನ್ನೂ ಅವರು ವ್ಯರ್ಥ ಮಾಡಲಿಲ್ಲ: ನೌಕರರೇ ಕಿರುಚಿತ್ರದ ಕಲ್ಪನೆಗಳನ್ನು ಮುಂದಿಟ್ಟು, ಇಡೀ ಸ್ಟುಡಿಯೊ ಮತ ಹಾಕಿ ಒಂದನ್ನು ಆರಿಸುವ ಪದ್ಧತಿ ಅಲ್ಲಿದೆ. ನಾಳೆಯ ನಿರ್ದೇಶಕರು ತಯಾರಾಗುವುದು ಹೀಗೆಯೇ.

ಇನ್ನು ಸರ್ಕಾರದ ಪಾಲು. ಬ್ರಿಟನ್ನಿನ ಮಕ್ಕಳ ಸರಣಿಗಳ ಕೆಲಸ ಅಗ್ಗದ ದೇಶಗಳಿಗೂ, ತೆರಿಗೆ ವಿನಾಯಿತಿ ಕೊಡುವ ದೇಶಗಳಿಗೂ ಹರಿದುಹೋಗುತ್ತಿದ್ದಾಗ ಆಲಿ ಹಯಟ್ ಅವರು ಆ್ಯನಿಮೇಷನ್ ಯುಕೆ ಸಂಘಟನೆಯ ಮೂಲಕ ಹೋರಾಡಿದರು. 2013ರ ಏಪ್ರಿಲ್‌ನಿಂದ ಆ್ಯನಿಮೇಷನ್ ತೆರಿಗೆ ಪರಿಹಾರ ಜಾರಿಗೆ ಬಂತು. 10 ಲಕ್ಷ ಪೌಂಡ್ ಮೂಲವೆಚ್ಚವೆಲ್ಲ, ಅಂದರೆ ತಯಾರಿಕೆಗೇ ತಗಲುವ ಖರ್ಚೆಲ್ಲ, ಬ್ರಿಟನ್ನಿನಲ್ಲೇ ಆದರೆ, ಅದರ ಶೇ 80ರ ಮೇಲೆ ಶೇ 25ರಂತೆ ಗರಿಷ್ಠ 2 ಲಕ್ಷ ಪೌಂಡ್ ವಾಪಸಾಗುತ್ತಿತ್ತು. 2024ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ದರ ಶೇ 39 ಎಂದಿದ್ದರೂ, ಅದನ್ನು ಲೆಕ್ಕ ಹಾಕುವುದು ಮೂಲವೆಚ್ಚದ ಶೇ 80ರ ಮೇಲೆಯೇ ಆದ್ದರಿಂದ, ಅದರ ಮೇಲಿನ ತೆರಿಗೆ ಕಳೆದರೆ ಕೈಗೆ ಹತ್ತುವುದು ಮೂಲವೆಚ್ಚದ ಶೇ 23.4ರವರೆಗೆ. ಈ ಹಣ ಬರುವುದು ಖರ್ಚು ಮಾಡಿ, ಲೆಕ್ಕ ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಸಂಬಳಕ್ಕೆ ಸಾಲವೇ ಗತಿ. ‘ಸರ್ಕಾರ ಹಣ ಕೊಡುತ್ತದೆ’ ಎಂದು ಹಗುರವಾಗಿ ಹೇಳುವವರಿಗೆ ಈ ನಡುವಿನ ತಿಂಗಳುಗಳ ಬಿಸಿ ತಟ್ಟಿರುವುದಿಲ್ಲ.

ಸ್ಟುಡಿಯೊಗಳು ಮುಳುಗುವುದೂ ಅಂಥ ತಿಂಗಳುಗಳಲ್ಲೇ, ಅಂದರೆ ಒಂದು ಕೆಲಸ ಮುಗಿದು ಮುಂದಿನದು ಇನ್ನೂ ಶುರುವಾಗದ ಹೊತ್ತಿನಲ್ಲಿ. ಬ್ಲೂ ಝೂ ಹುಟ್ಟಿದ ವರ್ಷವೇ ಗ್ಲಾಸ್ಗೊದಲ್ಲಿ ಹುಟ್ಟಿದ ಆ್ಯಕ್ಸಿಸ್ ಸ್ಟುಡಿಯೊಸ್, ಉತ್ತಮ ಕೆಲಸಕ್ಕೆ ಹೆಸರಾಗಿದ್ದರೂ, 2024ರಲ್ಲಿ ಬಾಗಿಲು ಹಾಕಿತು. ಲಂಡನ್ನಿನ ಜೆಲ್ಲಿಫಿಶ್ ಪಿಕ್ಚರ್ಸ್ 2025ರಲ್ಲಿ ಕೆಲಸ ನಿಲ್ಲಿಸಿತು. ದೊಡ್ಡವರ ತೆಕ್ಕೆಯಲ್ಲಿದ್ದರೆ ಸುರಕ್ಷಿತ ಎನ್ನುವಂತೆಯೂ ಇಲ್ಲ: ಚಲನಚಿತ್ರಗಳ ದೃಶ್ಯ ಪರಿಣಾಮ ರೂಪಿಸುವ ಲಂಡನ್ ಮೂಲದ ಎಂಪಿಸಿ ಕಂಪನಿ ಸೇರಿದ್ದ ಫ್ರಾನ್ಸಿನ ಟೆಕ್ನಿಕಲರ್ ಸಮೂಹ 2025ರ ಫೆಬ್ರುವರಿಯಲ್ಲಿ ಕುಸಿದಾಗ ಬೆಂಗಳೂರು ಮತ್ತು ಮುಂಬೈಗಳ ಸಾವಿರಾರು ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿ ನಮ್ಮ ಜಿಲ್ಲೆಗಳ ಮಕ್ಕಳು. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ ತುಸು ಅಂಜುಬುರುಕತನದ್ದು ಎನಿಸಿದರೂ ಹೇಳುತ್ತೇನೆ. ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಲ್ಲದೆ ಬಾಡಿಗೆ ಕಟ್ಟಡ ಹಿಡಿಯಬೇಡಿ. ಗೆಳೆಯರ ನಡುವೆ ಪಾಲು ಎಷ್ಟೆಷ್ಟು, ಒಬ್ಬರು ಬಿಟ್ಟುಹೋದರೆ ಏನು ಎಂಬುದನ್ನು ಮೊದಲ ದಿನವೇ ಬರೆದಿಡಿ. ಹೊರಗಿನವರ ಕೆಲಸವನ್ನು ಮುಜುಗರವಿಲ್ಲದೆ ಮಾಡಿ, ಆದರೆ ಎಷ್ಟೇ ಪುಟ್ಟದಾದರೂ ಒಂದು ಪಾತ್ರದ ಹಕ್ಕು ನಿಮ್ಮದೇ ಆಗಿರಲಿ. ಪೂರ್ಣಾವಧಿ ಚಲನಚಿತ್ರದ ಗೋಜಿಗೆ ಈಗ ಹೋಗಬೇಡಿ: ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಅವರ ಮಗಳು ಎಲಿಸಬೆತ್ ಮರ್ಡೋಕ್ ಅವರ ಬೆಂಬಲವಿದ್ದ ಲಾಕ್‌ಸ್ಮಿತ್ ಆ್ಯನಿಮೇಷನ್ ಕೂಡ 2014ರಲ್ಲಿ ಶುರುವಾಗಿ ಮೊದಲ ಚಿತ್ರವನ್ನು ತೆರೆಗೆ ತಂದದ್ದು 2021ರಲ್ಲಿ. ನಮ್ಮ ರಾಜ್ಯ 2012ರಲ್ಲೇ ಈ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದಿತು, ಅದು ಸ್ವಾಗತಾರ್ಹ. ಆದರೆ ಮಕ್ಕಳಿಗಾಗಿ ಕನ್ನಡದಲ್ಲೇ ಸರಣಿ ಮಾಡಿಸಿ, ಹಕ್ಕನ್ನು ನಿರ್ಮಾಪಕರಿಗೆ ಬಿಟ್ಟುಕೊಡುವ ಸಾರ್ವಜನಿಕ ವಾಹಿನಿ ನಮ್ಮಲ್ಲಿಲ್ಲ. ಬ್ರಿಟನ್ನಿನ ದಾರಿಯನ್ನು ಇಲ್ಲಿ ಹಾಗೆಯೇ ನಡೆಯಲಾಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಪ್ರಶ್ನೆ: ಆರು ತಿಂಗಳ ಕೋರ್ಸಿಗೆ ಸೇರಿದರೆ ಲಂಡನ್ ಸ್ಟುಡಿಯೊದಲ್ಲಿ ಕೆಲಸ ಖಚಿತ ಎಂದು ಸಂಸ್ಥೆಯೊಂದು ಹೇಳುತ್ತಿದೆ. ಸೇರಬಹುದೇ?

ಉತ್ತರ: ಖಂಡಿತ ಬೇಡ. ಬ್ರಿಟನ್ನಿನಲ್ಲಿ ಕೆಲಸದ ವೀಸಾಕ್ಕೆ ಪ್ರಾಯೋಜಕತ್ವ ನೀಡುವುದು ಅಲ್ಲಿನ ಪರವಾನಗಿ ಪಡೆದ ಉದ್ಯೋಗದಾತರು. ಇಲ್ಲಿನ ತರಬೇತಿ ಸಂಸ್ಥೆಗೆ ಆ ಅಧಿಕಾರವೇ ಇಲ್ಲ. ಪರವಾನಗಿ ಇರುವವರ ಪಟ್ಟಿಯನ್ನು ಬ್ರಿಟಿಷ್ ಸರ್ಕಾರವೇ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಅಪ್ಪ ಅಮ್ಮನ ಉಳಿತಾಯವನ್ನು ಇಂಥ ಮೋಸಗಾರರ ಕೈಗೆ ಹಾಕುವುದನ್ನು ಕಂಡು ಕಂಡು ನನ್ನ ತಾಳ್ಮೆ ಮುಗಿದಿದೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯಿಂದ ಒಂದೇ ತಿಂಗಳಲ್ಲಿ ಸರಣಿ ಮಾಡಬಹುದಲ್ಲವೇ?

ಉತ್ತರ: ಒಂದೇ ಪಾತ್ರ ಐವತ್ತು ಕಂತುಗಳಲ್ಲಿ ಒಂದೇ ರೀತಿ ಕಾಣುವಂತೆ, ಹಕ್ಕಿನ ತಕರಾರಿಲ್ಲದೆ ಮಾಡಿ ತೋರಿಸಿ, ಆಮೇಲೆ ಮಾತನಾಡೋಣ.

ಪ್ರಶ್ನೆ: ಆರ್ಡ್‌ಮನ್ ಕೂಡ ಕಂಪ್ಯೂಟರ್ ಆ್ಯನಿಮೇಷನ್ ಸ್ಟುಡಿಯೊ ತಾನೆ?

ಉತ್ತರ: ಮುಖ್ಯವಾಗಿ ಅಲ್ಲ. 1972ರಲ್ಲಿ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಕಟ್ಟಿದ ಆ ಬ್ರಿಸ್ಟಲ್ ಸ್ಟುಡಿಯೊದ ಜೀವಾಳ ಜೇಡಿಮಣ್ಣಿನ ಗೊಂಬೆಗಳು, ಆದರೂ 2006 ಮತ್ತು 2011ರಲ್ಲಿ ಅದು ಪೂರ್ಣ ಕಂಪ್ಯೂಟರ್ ಚಿತ್ರಗಳನ್ನೂ ಹೊರತಂದಿತು. ನಿಮಗೆ ಹೆಚ್ಚು ಉಪಯೋಗವಾಗುವ ಸಂಗತಿ ಬೇರೆಯೇ ಇದೆ: 2018ರಲ್ಲಿ ಸ್ಥಾಪಕರು ಕಂಪನಿಯ ಶೇ 75ರಷ್ಟು ಪಾಲನ್ನು ನೌಕರರ ಟ್ರಸ್ಟಿಗೆ ವರ್ಗಾಯಿಸಿದರು. ದೊಡ್ಡ ಕಂಪನಿಗೆ ಮಾರಿಕೊಳ್ಳದೆ ಮುಂದಿನ ತಲೆಮಾರಿಗೆ ಸ್ಟುಡಿಯೊ ದಾಟಿಸಲು ಅವರು ಹುಡುಕಿಕೊಂಡ ದಾರಿ ಅದು.